ಬೇರೆ ಮನೆಯ ಎಡೆ

ಅವರು ಬರೆಯುತ್ತಿದ್ದ ವೃತ್ತ ಯಾವತ್ತೂ ಪೂರ್ತಿ ಮುಚ್ಚಿಕೊಳ್ಳುತ್ತಿರಲಿಲ್ಲ. ಬಲಗಡೆ ಮೇಲುತುದಿಯಲ್ಲಿ ಸಾಸಿವೆ ಕಾಳಿನಷ್ಟು ಜಾಗ ಉಳಿದೇ ಉಳಿಯುತ್ತಿತ್ತು. ಚೌಕಗಳು ಮಾತ್ರ ನಾಲ್ಕೂ ಮೂಲೆ ಕೂಡಿಕೊಂಡು ಅಚ್ಚು ಹಾಕಿದಂತೆ ಬರುತ್ತಿದ್ದವು. ಮನೆತನದ ಚಿತ್ರ ಬರೆಯುವ ನಮ್ಮ ಕೆಲಸದಲ್ಲಿ ಚೌಕ ಎಂದರೆ ಗಂಡು, ವೃತ್ತ ಎಂದರೆ ಹೆಣ್ಣು. ಸತ್ತವರ ಮೇಲೆ ಒಂದು ಓರೆ ಗೆರೆ. ಕಾಯಿಲೆ ಬಂದವರ ಒಳಗೆ ಮಸಿ. ಆ ತೆರೆದ ವೃತ್ತಗಳಿಗೆ ಏನೋ ಅರ್ಥವಿರಬೇಕು ಎಂದು ಮೊದಲ ಕೆಲವು ತಿಂಗಳು ನಂಬಿಕೊಂಡಿದ್ದೆ. ಒಂದು ದಿನ ಕೇಳಿಯೂಬಿಟ್ಟೆ.

"ಏನೂ ಇಲ್ಲ ಕಣಮ್ಮ. ಚಿಕ್ಕೋಳಿದ್ದಾಗ ಸೈಕಲ್ಲಿಂದ ಬಿದ್ದು ಮಣಿಕಟ್ಟು ಮುರ್ಕೊಂಡಿದ್ದೆ. ಅಷ್ಟು ತಿರುಗಿದ ಮೇಲೆ ಕೈ ನಿಂತ್ಬಿಡತ್ತೆ," ಎಂದರು.

ಈ ಆಷಾಢದಲ್ಲಿ ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಅವರೂ ಆ ಚಿತ್ರಗಳಲ್ಲಿ ಯಾರ ಹೆಸರನ್ನೂ ಬರೆಯುತ್ತಿರಲಿಲ್ಲ, ವಯಸ್ಸು ಮತ್ತು ಕಾಯಿಲೆ ಎರಡೇ. ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು, ನಾನೂ ಹಾಗೆಯೇ.

ಚಾಮರಾಜಪೇಟೆಯ ಆ ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಜಾಗದ ಪಕ್ಕಕ್ಕೆ ನಮ್ಮ ಕೋಣೆ. ಒಂದು ಮೇಜು, ನಾಲ್ಕು ಕುರ್ಚಿ, ಒಂದು ನೀರಿನ ಹೂಜಿ. ಕ್ಯಾನ್ಸರ್ ಬಂದವರ ಮನೆತನದ ಕಥೆ ಕೇಳಿ, ಅದು ರಕ್ತದಲ್ಲಿ ಇಳಿದು ಬಂದದ್ದಿರಬಹುದೇ ಎಂದು ನೋಡುವುದು, ವಂಶವಾಹಿಯ ಪರೀಕ್ಷೆ ಬೇಕೋ ಬೇಡವೋ ತಿಳಿಸುವುದು, ಫಲಿತಾಂಶ ಬಂದ ಮೇಲೆ ಅದನ್ನು ಅರ್ಥವಾಗುವ ಹಾಗೆ ಹೇಳುವುದು ಅವರ ಕೆಲಸ. ನಾನು ಓದು ಮುಗಿಸಿ ಅವರ ಕೈಕೆಳಗೆ ಸೇರಿದವಳು. ನರ್ಸ್‌ಗಳು ನಮ್ಮ ಕೋಣೆಯನ್ನು ಜಾತಕದ ರೂಮು ಎಂದು ಕರೆಯುತ್ತಿದ್ದರು. "ಜಾತಕದಲ್ಲಿ ಪರಿಹಾರ ಹೇಳ್ತಾರೆ, ದಕ್ಷಿಣೆನೂ ತಗೋತಾರೆ. ನಮ್ಮದರಲ್ಲಿ ಎರಡೂ ಇಲ್ಲ," ಎಂದು ಅವರು ನಗುತ್ತಿದ್ದರು.

ಬರುವವರಲ್ಲಿ ಹೆಚ್ಚಿನವರ ಕಾಯಿಲೆ ಮನೆತನದ್ದಾಗಿರುವುದಿಲ್ಲ. ಅದನ್ನು ಹೇಳಿ ಕಳಿಸುವುದು ಸುಲಭ. ಕಷ್ಟವಿರುವುದು ಉಳಿದವರ ಹತ್ತಿರ. ಏಕೆಂದರೆ ಅವರೂ ಒಳಗೆ ಬಂದು ಕೂತ ತಕ್ಷಣ ಹೇಳುವುದು ಅದೇ ಮಾತು: ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ನಾನು ಸೇರಿದ ವಾರವೇ ಬಂದ ಒಂದು ಕುಟುಂಬ ನೆನಪಿದೆ. ಮಗಳಿಗೆ ಮೂವತ್ತು ದಾಟಿತ್ತಷ್ಟೆ, ಎದೆಯಲ್ಲಿ ಗಡ್ಡೆ. ಜೊತೆಗೆ ಅಪ್ಪ, ಅಮ್ಮ.

"ನಮ್ ಕಡೆ ಯಾರ್ಗೂ ಇಲ್ಲ ಮೇಡಂ. ನಮ್ದು ಗಟ್ಟಿ ವಂಶ," ಎಂದರು ಅಪ್ಪ. "ಏನಿದ್ರೂ ಇವಳ ತೌರಿನ ಕಡೆಯಿಂದ್ಲೇ ಬಂದಿರ್ಬೇಕು."

"ನಮ್ಮವ್ವ ಹೋಗೋವಾಗ ಬಾಯ್ ತುಂಬ ಹಲ್ಲಿದ್ವು. ಕಬ್ಬು ಸಿಗೀತಿದ್ಲು," ಎಂದರು ಅಮ್ಮ ಗೋಡೆ ನೋಡುತ್ತ.

ಮೇಡಂ ಆ ಜಗಳಕ್ಕೆ ಹೋಗಲಿಲ್ಲ. "ಯಜಮಾನ್ರೇ, ಪಿತೃಪಕ್ಷಕ್ಕೆ ನಿಮ್ಮನೇಲಿ ಯಾರ್ಯಾರಿಗೆ ಎಡೆ ಇಡ್ತೀರಿ?" ಎಂದು ಕೇಳಿದರು.

ಅಪ್ಪನ ಮುಖ ಅರಳಿತು. "ಅಪ್ಪಂಗೆ, ಅವ್ವಂಗೆ, ದೊಡ್ಡಪ್ಪಂಗೆ. ಅಪ್ಪಂಗೆ ನಾಟಿಕೋಳಿ ಸಾರು, ಮುದ್ದೆ, ಪಕ್ಕದಲ್ಲಿ ಒಂದು ಕ್ವಾರ್ಟರ್. ಅವ್ವಂಗೆ ಕಡುಬು, ಎಲೆ ಅಡಿಕೆ."

"ದೊಡ್ಡಪ್ಪಂಗೆ?"

"ಅವರಿಗೆ ಬರೀ ಇಡ್ಲಿ. ಕೊನೇಲಿ ಹೊಟ್ಟೆ ಸರಿ ಇರ್ಲಿಲ್ಲ."

"ಎಷ್ಟು ವಯಸ್ಸಿತ್ತು ಆಗ?"

ಪೆನ್ನು ಓಡುತ್ತಲೇ ಇತ್ತು. ಸತ್ತವರಿಗೆ ಏನು ಇಷ್ಟ ಎಂದು ಕೇಳಿದರೆ ಜನ ಕಾಯಿಲೆಯನ್ನೂ ಹೇಳುತ್ತಾರೆ. ಕೊನೆಯಲ್ಲಿ ಏನು ತಿನ್ನಲಾಗುತ್ತಿರಲಿಲ್ಲ ಎನ್ನುವುದೂ ಅದರ ಜೊತೆಗೇ ಬರುತ್ತದೆ. ಇದಾದ ಮೇಲೆ ಅವರು ಎರಡನೆಯ ಪ್ರಶ್ನೆ ಕೇಳುತ್ತಿದ್ದರು.

"ಸರಿ. ನಿಮ್ಮನೇಲಿ ಹುಟ್ಟಿ, ಬೇರೆ ಮನೇಲಿ ಎಡೆ ತಗೊಳ್ಳೋರು ಯಾರಿದಾರೆ?"

ಕೇಳಿ ಪೆನ್ನಿಗೆ ಕ್ಯಾಪ್ ಹಾಕಿಬಿಡುತ್ತಿದ್ದರು. ಆಮೇಲೆ ಒಂದು ಮಾತೂ ಇಲ್ಲ. ಅವತ್ತು ಆ ಮೌನ ತಡೆಯಲಾಗದೆ ನಾನು ಎದ್ದು ಹೂಜಿಯಿಂದ ನೀರು ಬಗ್ಗಿಸಿ ತಂದೆ. ಲೋಟ ಮುಂದಿಟ್ಟ ಮೇಲೆ ಆ ಅಪ್ಪ ನೀರು ಕುಡಿದರು, ಬಾಯಿ ಒರೆಸಿಕೊಂಡರು, ಬಸ್ಸಿನ ವಿಷಯ ಮಾತಾಡಿದರು. ಮೇಡಂ ಕಾದರು. ಬಹಳ ಹೊತ್ತಿನ ಮೇಲೆ ಆ ಅಪ್ಪ, "ಅಕ್ಕ ಒಬ್ಳಿದ್ಲು. ಕುಣಿಗಲ್ ಕಡೆ ಕೊಟ್ಟಿದ್ವಿ. ಎದೇಲಿ ಹುಣ್ಣಾಗಿ ಹೋದ್ಲು. ಆದ್ರೆ ಮೇಡಂ, ಅವಳು ಅವರ ಮನೆಯವಳಾಗಿದ್ಲಲ್ವಾ," ಎಂದರು.

ಮೇಡಂ ಕ್ಯಾಪ್ ತೆಗೆದು, ಆ ಅಪ್ಪನ ಚೌಕದ ಪಕ್ಕದಲ್ಲಿ ಒಂದು ವೃತ್ತ ಬರೆದು ಮಸಿ ತುಂಬಿದರು. ಗೋಡೆ ನೋಡುತ್ತಿದ್ದ ಅಮ್ಮ ತಿರುಗಿ ಹಾಳೆ ನೋಡಿದರು.

ಅವರೆಲ್ಲ ಹೋದ ಮೇಲೆ ಮೇಡಂ ನನಗೆ ಹೇಳಿದರು, "ಆ ಪ್ರಶ್ನೆ ಕೇಳಿದ ಮೇಲೆ ಎದ್ದು ಹೋಗ್ಬೇಡ. ನೀರು ಕೊಟ್ರೆ ಅವರಿಗೆ ತಪ್ಪಿಸಿಕೊಳ್ಳೋಕೆ ದಾರಿ ಸಿಗತ್ತೆ. ನಿನಗೂ ಸಿಗತ್ತೆ."

ನಾನು ಆಮೇಲೂ ಎಷ್ಟೋ ಸಲ ಎದ್ದಿದ್ದೇನೆ. ಹೂಜಿ ಅಲ್ಲಿರುವುದೇ ಅದಕ್ಕೇನೋ ಎನ್ನುವಷ್ಟು.

ಈ ಎರಡನೆಯ ಪ್ರಶ್ನೆ ಅವರಿಗೆ ಯಾವ ಪುಸ್ತಕದಲ್ಲೂ ಸಿಕ್ಕದ್ದಲ್ಲ. ಅವರು ಮೊದಲು ಒಂದು ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು ಕ್ರೋಮೋಸೋಮು ಎಣಿಸುತ್ತಿದ್ದವರು. ಆಮೇಲೆ ಈ ಕೆಲಸದ ತರಬೇತಿಗೆ ಹೋದರು. ಅಲ್ಲಿ ಮೊದಲ ದಿನ ಎಲ್ಲರೂ ತಂತಮ್ಮ ಮನೆತನದ ಚಿತ್ರ ಬರೆಯಬೇಕಿತ್ತು. ಇವರು ಬರೆದರು. ತಂದೆ, ತಾಯಿ, ಅಣ್ಣ, ತಾತ, ಅಜ್ಜಿ, ಚಿಕ್ಕಪ್ಪಂದಿರು. ಎಲ್ಲ ಚೊಕ್ಕ, ಎಲ್ಲೂ ಮಸಿ ಇಲ್ಲ. ಮೇಷ್ಟ್ರು ಚಿತ್ರ ಅಚ್ಚುಕಟ್ಟಾಗಿದೆ ಎಂದು ಬೇರೆಯವರಿಗೆ ತೋರಿಸಿದರಂತೆ. ಸಂಜೆ ಬಸ್ಸಿನಲ್ಲಿ ಬರುವಾಗ ಹೆಂಗಸೊಬ್ಬಳು ಮಡಿಲಲ್ಲಿ ಬಾಳೆಗೊನೆ ಇಟ್ಟುಕೊಂಡು ಕೂತಿದ್ದನ್ನು ನೋಡಿ ಇವರಿಗೆ ಹಾಗೇ ಗೊನೆ ಹೊತ್ತು ಬರುತ್ತಿದ್ದ ತಮ್ಮ ಸೋದರತ್ತೆಯ ನೆನಪಾಯಿತು. ತಂದೆಗೆ ಇಬ್ಬರು ತಂಗಿಯರಿದ್ದರು. ಇಬ್ಬರನ್ನೂ ಮಾಗಡಿ ಕಡೆ ಕೊಟ್ಟಿತ್ತು. ಒಬ್ಬಳು ಹೊಟ್ಟೆಯ ಗಡ್ಡೆಯಿಂದ, ಇನ್ನೊಬ್ಬಳು ಎದೆಯ ಗಡ್ಡೆಯಿಂದ, ಇಬ್ಬರೂ ತಲೆ ನರೆಯುವ ಮೊದಲೇ ಹೋಗಿದ್ದರು.

"ಮರೆತಿರ್ಲಿಲ್ಲ ಕಣಮ್ಮ. ನನ್ನ ಎತ್ತಿ ಆಡ್ಸಿದ್ದೋರು ಅವರು. ಲೆಕ್ಕಕ್ಕೆ ತಗೊಂಡಿರ್ಲಿಲ್ಲ ಅಷ್ಟೆ. ಕೊಟ್ಟ ಹೆಣ್ಣು ಅಂದ್ಮೇಲೆ ನಮ್ಮನೆ ಲೆಕ್ಕಕ್ಕೆ ಹೇಗ್ ಬರ್ತಾಳೆ?"

ಇದನ್ನು ಹೇಳಿದಾಗ ಅವರು ಖಾರಾ ಬನ್ ತಿನ್ನುತ್ತಿದ್ದರು. ಮಧ್ಯಾಹ್ನದ ಅವರ ಊಟ ಬಹಳ ದಿನ ಅದೇ. ಬೆಳಿಗ್ಗೆ ಮನೆಯಿಂದ ಹೊರಡುವಾಗ ಬೇಕರಿಯಿಂದ ಎರಡು ಕಟ್ಟಿಸಿಕೊಂಡು ಬರುವರು. ತಿನ್ನುವ ಮೊದಲು ಹಸಿಮೆಣಸಿನ ಚೂರುಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ಕಾಗದದ ಅಂಚಿಗೆ ಸಾಲಾಗಿ ಇಡುವರು. ಮಕ್ಕಳು ಬಿಸಾಕಲಿಕ್ಕೆ ಇಡುತ್ತಾರಲ್ಲ, ಹಾಗೆ. ಇವರು ಬನ್ ಮುಗಿದ ಮೇಲೆ ಆ ಚೂರುಗಳನ್ನು ಒಟ್ಟಿಗೆ ಬಾಯಿಗೆ ಹಾಕಿಕೊಂಡು, ಕಣ್ಣಲ್ಲಿ ನೀರು ತುಂಬಿಸಿಕೊಂಡು, ತೃಪ್ತಿಯಿಂದ ಕೂರುತ್ತಿದ್ದರು. ಒಬ್ಬರಿಗೆಂದು ಸಾರು ಮಾಡಿದರೆ ಮೂರು ದಿನ ಅದೇ ಸಾರು ಎಂದು ಅಡಿಗೆ ಬಿಟ್ಟಿದ್ದರು. ಆಸ್ಪತ್ರೆಯ ಹಿಂದಿನ ಅಡ್ಡರಸ್ತೆಯಲ್ಲಿ ಮಹಡಿಯ ಮೇಲೊಂದು ಬಾಡಿಗೆ ಮನೆ. ಮದುವೆಯಾಗಿರಲಿಲ್ಲ. ಕಾರಣ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ನನ್ನ ಬಗ್ಗೆ ಅವರೂ ಏನೂ ಕೇಳುತ್ತಿರಲಿಲ್ಲ. ಭಾನುವಾರ ಇಬ್ಬರೂ ಫೋನು ಮಾಡಿಕೊಳ್ಳುತ್ತಿರಲಿಲ್ಲ. ಸಂಜೆ ಕೆಲಸ ಮುಗಿಸಿ ಗಾಂಧಿಬಜಾರಿನ ತನಕ ಒಟ್ಟಿಗೆ ನಡೆಯುತ್ತಿದ್ದೆವು. ಅಲ್ಲಿ ಅವರು ಒಂದು ಮೊಳ ಹೂ ಕೊಂಡು, "ಸರಿ ಹಾಗಾದ್ರೆ," ಎಂದು ತಿರುಗಿ ನಡೆಯುವರು. ಅಷ್ಟು ದೂರ ಬಂದು ವಾಪಸ್ ಹೋಗುವುದು ಹೂವಿಗಲ್ಲ ಎಂದು ಗೊತ್ತಿತ್ತು. ಹಾಗೆಂದು ಯಾವತ್ತೂ ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ.

ಫಲಿತಾಂಶ ತಿಳಿಸುವ ದಿನ ಅವರು ಸೀರೆಯ ಮಾತಾಡುತ್ತಿದ್ದರು. ಮೈಯೊಳಗೆ ದಿನವೂ ಎಲ್ಲೋ ಒಂದು ಎಳೆ ಹರಿಯುತ್ತಲೇ ಇರುತ್ತದೆ. ಎಲ್ಲರಿಗೂ. ಹರಿದ ಕಡೆ ಎಳೆಗೆ ಎಳೆ ಸೇರಿಸಿ ರಫು ಮಾಡಲಿಕ್ಕೆ ಒಂದೊಂದು ಜೀವಕೋಶದಲ್ಲೂ ಇಬ್ಬರಿರುತ್ತಾರೆ. ಒಬ್ಬ ಅಪ್ಪ ಕಳಿಸಿದವನು, ಒಬ್ಬ ಅಮ್ಮ ಕಳಿಸಿದವನು. ನಿಮಗೆ ಹುಟ್ಟಿದಾಗಿನಿಂದ ಒಬ್ಬನೇ ಇದ್ದಾನೆ. ಒಬ್ಬನಿಂದಲೇ ಎಷ್ಟೋ ವರ್ಷ ನಡೆಯುತ್ತದೆ. ಯಾವುದೋ ಒಂದು ಕಡೆ ಅವನೂ ಕೈಬಿಟ್ಟರೆ ಹರಿದದ್ದು ಹರಿದ ಹಾಗೇ ಉಳಿದು ಬೆಳೆಯುತ್ತದೆ. "ನೀವು ಏನೂ ತಪ್ಪು ಮಾಡಿಲ್ಲ. ನಿಮ್ಮಮ್ಮನೂ ಮಾಡಿಲ್ಲ, ನಿಮ್ಮಪ್ಪನೂ ಮಾಡಿಲ್ಲ," ಎಂಬುದು ಕೊನೆಯ ವಾಕ್ಯ. ಅದನ್ನು ಮಾತ್ರ ಎರಡು ಸಲ ಹೇಳುತ್ತಿದ್ದರು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಅವರ ಹೊಟ್ಟೆ ಉಬ್ಬರಿಸಲು ಶುರುವಾಯಿತು. ಬನ್ನಿನಿಂದ ಎಂದರು. ಬನ್ ಬಿಟ್ಟರು. ಸ್ಕ್ಯಾನ್ ಆಯಿತು. ಅಂಡಾಶಯದಲ್ಲಿ ಶುರುವಾದದ್ದು ಅಷ್ಟು ಹೊತ್ತಿಗೆ ಹೊಟ್ಟೆಯೆಲ್ಲ ಹರಡಿತ್ತು.

ಮಾರನೆಯ ದಿನ ಕೋಣೆಗೆ ಬಂದವರು ತಮ್ಮ ಕುರ್ಚಿಗೆ ಹೋಗದೆ ರೋಗಿಗಳ ಕುರ್ಚಿಯಲ್ಲಿ ಕೂತರು. "ಹಾಳೆ ತಗೋ. ಕೇಳು," ಎಂದರು.

"ಮೇಡಂ, ನನಗೆಲ್ಲ ಗೊತ್ತಿರೋದೇ ಅಲ್ವಾ."

"ಗೊತ್ತಿದೆ ಅಂತಾನೇ ಬಿಟ್ಟೋಗೋದು. ಮೊದಲಿಂದ ಕೇಳು."

ಕೇಳಿದೆ. ಪಿತೃಪಕ್ಷಕ್ಕೆ ನಿಮ್ಮ ಮನೆಯಲ್ಲಿ ಯಾರ್ಯಾರಿಗೆ ಎಡೆ ಇಡುತ್ತೀರಿ ಎಂದೂ ಕೇಳಿದೆ.

"ಎಡೆ ಇಡೋದು ಅಣ್ಣನ ಮನೇಲಿ, ಹನುಮಂತನಗರದಲ್ಲಿ. ಅಪ್ಪಂಗೆ, ಅಮ್ಮಂಗೆ. ಮುಂದಿನ ಸಲದಿಂದ ನನಗೂ." ನಕ್ಕರು. "ನೋಡು, ಮದುವೆ ಆಗದಿದ್ದಕ್ಕೆ ಒಂದು ಲಾಭ. ನಮ್ಮನೇಲಿ ಹುಟ್ಟಿದ ಹೆಣ್ಣುಗಳಲ್ಲಿ ಹುಟ್ಟಿದ ಮನೇಲೇ ಎಡೆ ತಗೊಳ್ಳೋಳು ನಾನೊಬ್ಳೇ. ಏನ್ ಇಡ್ಬೇಕು ಅಂತ ಮಾತ್ರ ಅಲ್ಲಿ ಯಾರಿಗೂ ಗೊತ್ತಿಲ್ಲ."

ರಕ್ತ ಪರೀಕ್ಷೆಗೆ ಹೋಯಿತು, ಫಲಿತಾಂಶ ಬಂತು. ನಾವು ಊಹಿಸಿದ್ದೇ. ತಂದೆಯಿಂದ ಬಂದದ್ದು. ಅವರ ತಂದೆ ಅದನ್ನು ಹೊತ್ತುಕೊಂಡೇ ಎಂಬತ್ತು ದಾಟಿ ಆರೋಗ್ಯವಾಗಿ ಬದುಕಿದ್ದರು. ಎಲ್ಲರಿಗೂ ಹೇಳುವ ಮಾತುಗಳಲ್ಲೇ ತಮಗೂ ಹೇಳಬೇಕು ಎಂದು ಪಟ್ಟು ಹಿಡಿದರು. ನಾನು ಸೀರೆಯ ಮಾತಿನಿಂದ ಶುರು ಮಾಡಿದೆ. ಕೊನೆಯ ವಾಕ್ಯವನ್ನು ಒಂದೇ ಸಲ ಹೇಳಿ ಹಾಳೆ ಮಡಿಸಿದೆ.

"ಎರಡು ಸಲ ಹೇಳ್ಬೇಕು ಅದನ್ನ," ಎಂದರು.

ಅವರ ಚಿಂತೆ ತಮ್ಮ ಬಗ್ಗೆ ಆಗಿರಲಿಲ್ಲ. ಅಣ್ಣನಿಗೆ ಒಬ್ಬಳೇ ಮಗಳು, ಇಪ್ಪತ್ತಾರು ವಯಸ್ಸು. ಅಣ್ಣನಿಗೆ ಇದು ಇಳಿದಿರುವ ಸಾಧ್ಯತೆ ಅರ್ಧ. ಇಳಿದಿದ್ದರೆ ಮಗಳಿಗೆ ಇಳಿದಿರುವ ಸಾಧ್ಯತೆ ಮತ್ತೆ ಅರ್ಧ. ತಿಳಿದಿದ್ದರೆ ಮಾಡಬಹುದಾದದ್ದು ಬಹಳವಿದೆ: ಈಗಿನಿಂದಲೇ ಎದೆಯ ಸ್ಕ್ಯಾನ್, ಮಕ್ಕಳಾದ ಮೇಲೆ ಅಂಡಾಶಯ ತೆಗೆಸುವುದು. ಮೇಡಂಗೆ ತಪ್ಪಿಹೋದ ಸಮಯ ಆ ಹುಡುಗಿಯ ಕೈಯಲ್ಲಿ ಇನ್ನೂ ಇತ್ತು.

ಅಣ್ಣ ಆಸ್ಪತ್ರೆಗೆ ದಿನವೂ ಬರುತ್ತಿದ್ದರು. ಕೀಮೋ ಏರುವಾಗ ಪಕ್ಕದಲ್ಲಿ ನಿಂತು ಕಿತ್ತಳೆ ಸುಲಿದು, ಬಿಳಿ ನಾರು ಒಂದೂ ಬಿಡದೆ ತೆಗೆದು ತಂಗಿಗೆ ಕೊಡುವರು. ಅವಳು ಇನ್ನೂ ಶಾಲೆಗೆ ಹೋಗುವ ಹುಡುಗಿ ಎಂಬಂತೆ. ಪರೀಕ್ಷೆಯ ಮಾತು ನಡೆದದ್ದು ನಮ್ಮ ಕೋಣೆಯಲ್ಲಿ, ನನ್ನ ಎದುರೇ.

"ನೀನು ಒಂದು ಸಲ ರಕ್ತ ಕೊಡಣ್ಣ. ನಿನಗಿಲ್ಲ ಅಂದ್ರೆ ಅವಳಿಗೂ ಇಲ್ಲ. ಅಲ್ಲಿಗೆ ಮುಗೀತು."

"ಇದ್ರೆ?"

"ಇದ್ರೆ ಅವಳಿಗೆ ಹೇಳೋಣ."

"ಮದುವೆ ಗೊತ್ತಾಗಿದೆ ಅವಳಿಗೆ. ಛತ್ರ ಹಿಡಿದಾಗಿದೆ. ಮತ್ತಿಕೆರೆಯೋರು ಒಳ್ಳೆ ಜನ, ಆದ್ರೆ ಎಷ್ಟೇ ಒಳ್ಳೆಯೋರಾದ್ರೂ ಇಂಥದ್ದು ಕಿವಿಗೆ ಬಿದ್ರೆ ಯಾರು ಹೆಣ್ಣು ತಗೋತಾರೆ ಹೇಳು. ನಿನಗೆ ಇದು ದಿನಾ ಹೇಳೋ ಪಾಠ. ನನಗೆ ಇರೋದು ಒಂದೇ ಮಗು."

"ಮದುವೆ ಆದ್ಮೇಲೆ ಹೇಳ್ತೀಯಾ?"

ಅಣ್ಣ ಮೇಜಿನ ಮೇಲಿದ್ದ ಕಿತ್ತಳೆ ಸಿಪ್ಪೆಗಳನ್ನು ಒಂದರ ಮೇಲೊಂದು ಜೋಡಿಸಿದರು. ನಾನು ನೀರಿಗೆ ಎದ್ದೆ. ಮೇಡಂ ನನ್ನತ್ತ ಒಮ್ಮೆ ನೋಡಿದರು.

"ಆಯ್ತಣ್ಣ," ಎಂದರು ಕೊನೆಗೆ. "ನಾನಾಗಿ ಹೇಳಲ್ಲ. ಅವಳಾಗಿ ಕೇಳಿದ್ರೆ ಮಾತ್ರ ಮುಚ್ಚಿಡಲ್ಲ."

"ಅವಳ್ಯಾಕೆ ಕೇಳ್ತಾಳೆ?" ಎಂದರು ಅಣ್ಣ. ಆ ದನಿಯಲ್ಲಿ ಸಮಾಧಾನವಿತ್ತು.

ಅವರು ಹೋದ ಮೇಲೆ ಮೇಡಂ ನನಗೂ ಅದೇ ಮಾತು ಒಪ್ಪಿಸಿದರು. ರಕ್ತಸಂಬಂಧಿಗಳು ಯಾರೇ ಕೇಳಿಕೊಂಡು ಬಂದರೂ ತಮ್ಮ ಫಲಿತಾಂಶ ತಿಳಿಸಬಹುದು. ನಾವಾಗಿ ಹೋಗಿ ಹೇಳುವಂತಿಲ್ಲ. ಬೇರೆಯವರ ವಿಷಯದಲ್ಲಿ ಪಾಲಿಸುವ ನಿಯಮವೇ ತಮ್ಮ ವಿಷಯದಲ್ಲೂ.

ಮದುವೆಯ ದಿನ ಮೇಡಂ ಕೂದಲುದುರಿದ ತಲೆಗೆ ಸೆರಗು ಹೊದ್ದು ಮೂರನೆಯ ಸಾಲಿನಲ್ಲಿ ಕೂತು, ಊಟಕ್ಕೆ ನಿಲ್ಲದೆ ಬಂದರಂತೆ. ಹುಡುಗಿಗೆ ಸೋದರತ್ತೆಯ ಹೊಟ್ಟೆಯಲ್ಲಿ ಅಲ್ಸರ್ ಎಂದು ಹೇಳಿತ್ತು. ಆಷಾಢದಲ್ಲಿ ಹೊಸ ಸೊಸೆಯರು ತೌರಿಗೆ ಬರುವ ಪದ್ಧತಿ. ಅವಳೂ ಹನುಮಂತನಗರಕ್ಕೆ ಬಂದಿದ್ದಳು. ಆಟೋ ಹತ್ತಿದರೆ ಮಾತು ಮುಗಿಯುವುದರೊಳಗೆ ಚಾಮರಾಜಪೇಟೆ. ಹೊಸ ಮದುಮಗಳು ಕಾಯಿಲೆಯವರ ಹತ್ತಿರ, ಸಾವಿನ ಮನೆಯ ಹತ್ತಿರ ಸುಳಿಯಬಾರದು ಎಂದು ಅವಳನ್ನು ಕಳಿಸಲಿಲ್ಲ. ಕೊನೆಯ ಮಧ್ಯಾಹ್ನ ಮೇಡಂ ಬಾಗಿಲ ಕಡೆ ಮುಖ ಮಾಡಿಸಿ ಮಲಗಿಸಲು ಹೇಳಿದರು. ಯಾರನ್ನು ಕಾಯುತ್ತಿದ್ದಾರೆಂದು ನನಗೂ ಗೊತ್ತಿತ್ತು, ಅಣ್ಣನಿಗೂ ಗೊತ್ತಿತ್ತು. ಅವರು ಸುಲಿದ ಕಿತ್ತಳೆ ಕೈಯಲ್ಲೇ ಇತ್ತು.

ಆಮೇಲೆ ಕೋಣೆಯಲ್ಲಿ ನಾನೊಬ್ಬಳೇ. ಅವರ ಕುರ್ಚಿಗೆ ಹೋಗಲು ಮನಸ್ಸಾಗದೆ ನನ್ನ ಕುರ್ಚಿಯಿಂದಲೇ ಕೆಲಸ ಮಾಡಿದೆ. ಸಂಜೆ ಗಾಂಧಿಬಜಾರಿನವರೆಗೆ ನಡೆಯುತ್ತಿದ್ದೆ. ಹೂವಿನವಳು ಎರಡು ದಿನ, "ಎಲ್ಲಮ್ಮಾ, ಮೇಡಂ ಬರ್ಲಿಲ್ವಾ?" ಎಂದು ಕೇಳಿ, ಆಮೇಲೆ ಕೇಳುವುದನ್ನು ಬಿಟ್ಟಳು.

ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ, ಮಧ್ಯಾಹ್ನ, ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಮೇಡಂದೇ ಹಣೆ, ನೋಡಿದ ತಕ್ಷಣ ಯಾರೆಂದು ತಿಳಿಯಿತು.

"ನೀವೇ ಅಲ್ವಾ ಅತ್ತೆ ಜೊತೆ ಕೆಲ್ಸ ಮಾಡ್ತಿದ್ದೋರು? ಒಂದು ವಿಷಯ ಕೇಳ್ಬೇಕಿತ್ತು."

ಪೆನ್ನಿಗೆ ಕ್ಯಾಪ್ ಹಾಕಿದೆ. "ಕೇಳಿ," ಎಂದೆ.

"ಅತ್ತೆಗೆ ತಿನ್ನೋಕೆ ಏನ್ ಇಷ್ಟ ಇತ್ತು? ಹಬ್ಬಕ್ಕೆ ಅಂತ ತೌರಿಗೆ ಬಂದಿದೀನಿ, ನಾಳೆ ಎಡೆ ಇಡ್ಬೇಕು. ಅಪ್ಪ ಕೋಳಿ ಸಾರು ಅಂತಾರೆ. ಅಮ್ಮ, ಅವಳು ಕೋಳಿ ಬಿಟ್ಟು ಹತ್ತು ವರ್ಷ ಆಯ್ತು ಅಂತಾರೆ. ಬೆಳಿಗ್ಗೆಯಿಂದ ಇಬ್ರೂ ಜಗಳ."

"ಖಾರಾ ಬನ್," ಎಂದೆ.

"ಎಡೆಗೆ ಬನ್ನಾ?" ನಕ್ಕಳು. ನಗು ಅರ್ಧಕ್ಕೇ ನಿಂತಿತು. "ನಮಗೇನೂ ಗೊತ್ತೇ ಇಲ್ಲ ನೋಡಿ ಅವರ ಬಗ್ಗೆ."

ಮೆಣಸಿನ ಚೂರುಗಳ ವಿಷಯ ಹೇಳಿದೆ. ಅವಳು ಮೇಜಿನ ಮೇಲಿದ್ದ ವೃತ್ತ ಚೌಕಗಳನ್ನು ಸ್ವಲ್ಪ ಹೊತ್ತು ನೋಡಿದಳು. ಅವಳು ಏನಾದರೂ ಕೇಳಲಿ ಎಂದು ಕಾದೆ. "ನೀವೂ ನಾಳೆ ಊಟಕ್ಕೆ ಬನ್ನಿ," ಎಂದು ಹೇಳಿ ಹೋದಳು. ಅವಳು ಕೇಳಿಕೊಂಡು ಬಂದಿದ್ದಳು, ಆದರೆ ಕೇಳಬೇಕಾದದ್ದನ್ನಲ್ಲ. ನಾನು ಯಾರ ಮನೆಗೂ ಹೋಗುವವಳಲ್ಲ. ಬರುತ್ತೇನೆ ಎಂದೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಬೇಕರಿಯವನು ತಟ್ಟೆ ಹೊರಗೆಳೆಯುವವರೆಗೆ ನಿಂತು ಎರಡು ಬಿಸಿ ಬನ್ ಕಟ್ಟಿಸಿಕೊಂಡು ಹನುಮಂತನಗರಕ್ಕೆ ನಡೆದೆ. ನಡುಮನೆಯಲ್ಲಿ ಮೂರು ಬಾಳೆ ಎಲೆ ಹಾಸಿತ್ತು. ಮೇಡಂ ಫೋಟೋದ ಮುಂದೆ ಮಡಿಕೆ ಬಿಚ್ಚದ ಹೊಸ ಸೀರೆ, ಪಕ್ಕದಲ್ಲಿ ಒಂದು ಸುಲಿದ ಕಿತ್ತಳೆ. ನಾರು ಒಂದೂ ಇರಲಿಲ್ಲ. ನನ್ನನ್ನು ಕಂಡು ಅಣ್ಣನ ಮುಖ ಬಿಳಿಚಿಕೊಂಡಿತು. "ಬನ್ನಿ," ಎಂದರು. ಹುಡುಗಿ ಬನ್ ಇಸಿದುಕೊಂಡು, ನೆಲದ ಮೇಲೆ ಕೂತು, ಮೆಣಸಿನ ಚೂರುಗಳನ್ನು ಬಿಡಿಸಿ ಎಲೆಯ ಅಂಚಿಗೆ ಸಾಲಾಗಿ ಇಟ್ಟಳು.

ನಾನು ಅವಳ ಪಕ್ಕ ಕೂತೆ. "ಈ ಎಲೆಗಳು ಯಾರ್ಯಾರಿಗೆ?" ಎಂದು ಕೇಳಿದೆ.

"ತಾತಂಗೆ, ಅಜ್ಜಿಗೆ, ಅತ್ತೆಗೆ."

"ಈ ಮನೇಲಿ ಹುಟ್ಟಿ, ಬೇರೆ ಮನೇಲಿ ಎಡೆ ತಗೊಳ್ಳೋರು ಯಾರಿದಾರೆ?"

ಅವಳ ಬೆರಳು ನಿಂತಿತು. ಅಂಥ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಸ್ವಲ್ಪ ಹೊತ್ತು ತಾತನ ಫೋಟೋ ನೋಡಿದಳು. ಆಮೇಲೆ ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ತಾತಂಗೆ ತಂಗೀರಿದ್ರು ಅಲ್ವಾ, ಮಾಗಡಿ ಕಡೆ? ಇಬ್ರೂ ಚಿಕ್ಕ ವಯಸ್ಸಲ್ಲೇ ಹೋದ್ರು ಅಂತಿದ್ಲು ಅಜ್ಜಿ. ಏನಾಗಿತ್ತು ಅವರಿಗೆ?" ಮತ್ತೆ ಅತ್ತೆಯ ಎಲೆ ನೋಡಿ, ದನಿ ತಗ್ಗಿಸಿ, "ಅತ್ತೆಗೆ ಏನಾಗಿತ್ತು?"

ಅಣ್ಣ ಗೋಡೆಗೆ ಒರಗಿ ನಿಂತಿದ್ದರು. ಅಡಿಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಕೈಗೆಟುಕುವಷ್ಟು ಹತ್ತಿರದಲ್ಲಿ ನೀರು ತುಂಬಿದ ಚೆಂಬಿತ್ತು.

ಅವರು ಉತ್ತರ ಕೊಡುವ ತನಕ ನಾನು ಏಳಲಿಲ್ಲ.